ಊಹೆಯ ಹುಟ್ಟುಹಬ್ಬ, ಬಡ ಕಲಾವಿದನ ವಯಸ್ಸು

ಪ್ರತಿ ವರುಷ ಏಪ್ರಿಲ್ 23ರಂದು ಶೇಕ್ಸ್‌ಪಿಯರನ ಹುಟ್ಟುಹಬ್ಬ ನಡೆಯುತ್ತದೆ. ಅವನ ಊರಾದ ಇಂಗ್ಲೆಂಡಿನ ಸ್ಟ್ರಾಟ್‌ಫರ್ಡಿನಲ್ಲಿ ಮೆರವಣಿಗೆ ಹೊರಡುತ್ತದೆ; ನಮ್ಮ ಕಾಲೇಜುಗಳಲ್ಲಿ ಭಾಷಣಗಳಾಗುತ್ತವೆ. ಆದರೆ ಆ ಮಹಾ ನಾಟಕಕಾರನು ಅಂದೇ ಹುಟ್ಟಿದನೆಂದು ಹೇಳುವ ಒಂದು ಚೂರು ಕಾಗದವೂ ಎಲ್ಲಿಯೂ ಇಲ್ಲ.

ಇರುವ ದಾಖಲೆ ಇಷ್ಟೆ. 1564ರ ಏಪ್ರಿಲ್ 26ರಂದು ಅವನಿಗೆ ದೀಕ್ಷಾಸ್ನಾನವಾಯಿತೆಂದು ಆ ಊರಿನ ಚರ್ಚಿನ ದಫ್ತರ ಹೇಳುತ್ತದೆ. ಕೂಸು ಹುಟ್ಟಿದ ಕೆಲವೇ ದಿನಗಳಲ್ಲಿ ಈ ಸಂಸ್ಕಾರ ಮಾಡಿಸುವುದು ಅಂದಿನ ರೂಢಿ. ಅವನು ತೀರಿಕೊಂಡದ್ದು 1616ರ ಏಪ್ರಿಲ್ 23. ಆಗ 53ನೆಯ ವರುಷ ನಡೆಯುತ್ತಿತ್ತೆಂದು ಚರ್ಚಿನ ಸ್ಮಾರಕಶಿಲೆ ಸಾರುತ್ತದೆ. ಏಪ್ರಿಲ್ 23 ಇಂಗ್ಲೆಂಡಿನ ಕುಲದೇವರಂತಿರುವ ಸಂತ ಜಾರ್ಜನ ದಿನವೂ ಹೌದು. ರೂಢಿ, ಶಿಲೆ, ಹಬ್ಬ, ಮೂರನ್ನೂ ಕೂಡಿಸಿ ವಿದ್ವಾಂಸರು ಒಂದು ತಾರೀಖನ್ನು ಒಪ್ಪಿಕೊಂಡರು. ಅದೂ ಹಳೆಯ ಪಂಚಾಂಗದ ತಾರೀಖು. ಇಂದಿನ ಲೆಕ್ಕಕ್ಕೆ ತಂದರೆ ಮೇ 3 ಆಗುತ್ತದೆ.

ನಾವು ಇದನ್ನು ಹಳಿಯುವುದಿಲ್ಲ. ಜನ ಕೂಡಿ ಒಪ್ಪಿದ ದಿನ ಹಬ್ಬಕ್ಕೆ ಸಾಕು. ನಮ್ಮ ಸರಕಾರವೂ ಹಾಗೆಯೇ ನಡೆದುಕೊಂಡಿದೆ. ವಾಲ್ಮೀಕಿಯ ಜಯಂತಿಗೆ ಹುಣ್ಣಿಮೆಯ ದಿನ ರಜೆ ಕೊಡುವಾಗ ಯಾರೂ ಜನನ ಪತ್ರ ಕೇಳಲಿಲ್ಲ. ಹರ್ಡೇಕರ ಮಂಜಪ್ಪನವರು 1913ರಲ್ಲಿ ದಾವಣಗೆರೆಯಲ್ಲಿ ಬಸವ ಜಯಂತಿ ಆರಂಭಿಸಿದಾಗ ದಫ್ತರಕ್ಕಾಗಿ ಕಾಯುತ್ತ ಕುಳಿತುಕೊಳ್ಳಲಿಲ್ಲ. ಕಡಕೋಳ ಮಡಿವಾಳಪ್ಪನವರ ತತ್ತ್ವಪದ ಹಾಡುವ ಭಜನಾಮೇಳದವರು ಅವರ ಜನ್ಮದಿನ ಕೇಳಿ ಏಕತಾರಿ ಹಿಡಿಯುವುದಿಲ್ಲ.

ಹಾಗಿದ್ದರೆ ನಮ್ಮ ಪ್ರಶ್ನೆ ಒಂದೇ. ತೀರಿಹೋದ ದೊಡ್ಡವರಿಗೆ ತೋರುವ ಈ ಉದಾರತೆ, ಬದುಕಿರುವ ಬಡ ಕಲಾವಿದನಿಗೆ ಏಕಿಲ್ಲ?

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಹಳ್ಳಿಗಳಲ್ಲಿ ಬಯಲಾಟ ಕುಣಿದವರಿದ್ದಾರೆ, ಜಾತ್ರೆಯ ನಾಟಕಗಳಲ್ಲಿ ಪಾತ್ರ ಹಾಕಿದವರಿದ್ದಾರೆ, ರಾತ್ರಿಯಿಡೀ ಪೇಟಿ ಬಾರಿಸಿದ ಮಾಸ್ತರರಿದ್ದಾರೆ. ಹಗಲು ತೊಗರಿ ಹೊಲದಲ್ಲಿ ಕೂಲಿ, ರಾತ್ರಿ ಕೀಚಕ, ಭೀಮ, ದುರ್ಯೋಧನ. ಇಂಥವರು ಮುಪ್ಪಿನಲ್ಲಿ ಕೈಚಾಚಬಾರದೆಂದೇ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕಲಾವಿದರ ಮಾಸಾಶನ ಇಟ್ಟಿದೆ. ಸಾಮಾನ್ಯವಾಗಿ ಅದಕ್ಕೆ 58 ವರುಷ ತುಂಬಿರಬೇಕು. ತುಂಬಿದ್ದಕ್ಕೆ ದಾಖಲೆ ಬೇಕು.

ದಾಖಲೆ ಎಲ್ಲಿಂದ ಬರಬೇಕು? ಜನನ ಮರಣ ನೋಂದಣಿ ಕಾಯಿದೆ ಬಂದದ್ದು 1969ರಲ್ಲಿ. ಇಂದು 58 ದಾಟಿದವರೆಲ್ಲ ಅದಕ್ಕೂ ಮೊದಲೇ ಹುಟ್ಟಿದವರು. ಚೊಚ್ಚಲು ಹೆರಿಗೆ ತವರುಮನೆಯಲ್ಲಿ. ಆದ್ದರಿಂದ ಹುಟ್ಟಿದ ಊರೇ ಬೇರೆ. ಸಾಲೆಗೆ ಹೋದವರಿಗೆ ಹೆಡ್ ಮಾಸ್ತರರು ಜೂನ್ 1 ಎಂದು ಬರೆದು ಮುಗಿಸಿದರು. ಸಾಲೆಯ ಮೆಟ್ಟಿಲು ಹತ್ತದವರಿಗೆ ಆಧಾರ ಚೀಟಿ ಮಾಡಿಸುವಾಗ ಅಂದಾಜಿನ ವರುಷ ಹಾಕಿ ಜನವರಿ 1 ಎಂದು ಕೂರಿಸಿದರು. ಆ ಅಂದಾಜಿನಲ್ಲಿ ನಾಲ್ಕು ವರುಷ ಚಿಕ್ಕವನಾದವನು ನಾಲ್ಕು ವರುಷ ಮಾಸಾಶನಕ್ಕೆ ಕಾಯಬೇಕು. ಹೊಟ್ಟೆ ಕಾಯುತ್ತದೆಯೆ?

ಆ ಕಲಾವಿದನಿಗೆ ತನ್ನ ವಯಸ್ಸು ಗೊತ್ತಿಲ್ಲವೆಂದಲ್ಲ. ಪೋಲೀಸ್ ಆಕ್ಷನ್ ಆದ ವರುಷ, ಅಂದರೆ 1948ರಲ್ಲಿ, ತನ್ನ ಅಣ್ಣ ತೊಟ್ಟಿಲಲ್ಲಿದ್ದನೆಂದು ಅವನು ಹೇಳುತ್ತಾನೆ. 1956ರಲ್ಲಿ ಈ ಜಿಲ್ಲೆ ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರು ರಾಜ್ಯ ಸೇರಿದಾಗ ತಾನು ಅಂಬೆಗಾಲಿಡುತ್ತಿದ್ದೆನೆಂದು ತಾಯಿಯ ಬಾಯಿಂದ ಕೇಳಿದ್ದಾನೆ. ಇದು ಶೇಕ್ಸ್‌ಪಿಯರನ ತಾರೀಖು ಗೊತ್ತುಮಾಡಿದ ಅದೇ ತರ್ಕ. ಗೊತ್ತಿರುವ ಒಂದು ಘಟನೆ ಹಿಡಿದು ಗೊತ್ತಿಲ್ಲದ ಹುಟ್ಟನ್ನು ಎಣಿಸುವುದು. ವಿದ್ವಾಂಸರು ಮಾಡಿದರೆ ಸಂಶೋಧನೆ, ಕೂಲಿಕಾರ ಮಾಡಿದರೆ ಅರ್ಜಿ ವಾಪಸು!

ಸುಳ್ಳು ಅರ್ಜಿಗಳು ಬಂದಾವೆಂದು ಅಧಿಕಾರಿಗಳು ಹೇಳಬಹುದು. ಬರಲಿ, ಪರೀಕ್ಷಿಸಲಿ. ಅದಕ್ಕೆ ಗ್ರಾಮಸಭೆಗಿಂತ ಒಳ್ಳೆಯ ಸ್ಥಳ ಇನ್ನೊಂದಿಲ್ಲ. ಮೂವತ್ತು ವರುಷ ಯಾರು ಕುಣಿದರು, ಯಾವ ಪಾತ್ರ ಹಾಕಿದರು, ಯಾರಿಗಿಂತ ಹಿರಿಯರು, ಊರಿಗೆ ಗೊತ್ತಿದೆ. ಊರ ಕಣ್ಣಿಗೆ ಮಣ್ಣೆರಚುವುದು ಕಚೇರಿಯ ಕಣ್ಣಿಗೆ ಎರಚಿದಷ್ಟು ಸುಲಭವಲ್ಲ. ದಾಖಲೆ ಇಲ್ಲದವರಿಗೆ, ದಾಖಲೆ ತಪ್ಪಿದವರಿಗೆ, ಸಭೆಯಲ್ಲಿ ಹಿರಿಯರು ಹೇಳಿದ ಮಾತನ್ನು ಬರೆದುಕೊಂಡು ವಯಸ್ಸಿನ ಸಾಕ್ಷಿಯಾಗಿ ಸ್ವೀಕರಿಸಬೇಕು. ಇದು ನಮ್ಮ ಮೊದಲ ಬೇಡಿಕೆ.

ಎರಡನೆಯದು ಆಚರಣೆಯ ಮಾತು. 1769ರ ಸೆಪ್ಟೆಂಬರಿನಲ್ಲಿ ಪ್ರಸಿದ್ಧ ನಟ ಗ್ಯಾರಿಕ್ ಸ್ಟ್ರಾಟ್‌ಫರ್ಡಿನಲ್ಲಿ ಮೂರು ದಿನಗಳ ಶೇಕ್ಸ್‌ಪಿಯರ್ ಮಹೋತ್ಸವ ಏರ್ಪಡಿಸಿದ. ಹಾಡು, ಔತಣ, ನೃತ್ಯ, ಸಿಡಿಮದ್ದು ಎಲ್ಲ ಗೊತ್ತಾಗಿದ್ದವು. ಮಳೆ ಹೊಡೆದು ಮೆರವಣಿಗೆ ನಿಂತುಹೋಯಿತು. ಅದು ದೈವದ ಆಟ. ಆದರೆ ಆ ಮೂರು ದಿನಗಳಲ್ಲಿ ಶೇಕ್ಸ್‌ಪಿಯರನ ಒಂದು ನಾಟಕವನ್ನೂ ಆಡಲಿಲ್ಲ. ಅದು ಮನುಷ್ಯರ ಆಟ. ನಮ್ಮ ಜಯಂತಿಗಳೂ ಇದೇ ದಾರಿ ಹಿಡಿದಿವೆ. ಫೋಟೋಕ್ಕೆ ಹಾರ, ಮಂತ್ರಿಗೆ ಶಾಲು, ಮೂರು ಭಾಷಣ, ಒಂದು ತಿಂಡಿ ಪೊಟ್ಟಣ.

ಭೀಮಾ ನದಿಯ ಆಚೆಗೆ ಇಂಡಿ ತಾಲೂಕಿನ ಅಗರಖೇಡದಲ್ಲಿ 1904ರ ಸೆಪ್ಟೆಂಬರ್ 26ರಂದು ಹುಟ್ಟಿದವರು ಶ್ರೀರಂಗರು. ‘ಕೇಳು ಜನಮೇಜಯ’ ಬರೆದ ನಾಟಕಕಾರರು, ನಮಗೆ ನೆರೆಯವರು. ಅವರ ತಾರೀಖಿನಲ್ಲಿ ಊಹೆಯಿಲ್ಲ. ಆ ದಿನ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆ ಅವರ ಒಂದೊಂದು ನಾಟಕ ಆಡಿಸಲಿ. ಕಲಬುರ್ಗಿಯಲ್ಲಿ ರಂಗಾಯಣ ಇದೆ. ಅದು ತಾಲೂಕುಗಳಿಗೆ ಇಳಿದು ಬರಲಿ. ಅದೇ ವೇದಿಕೆಯ ಮೇಲೆ ಹಳ್ಳಿಯ ಆಟದವರನ್ನೂ ಕರೆಯಲಿ. ಅವರಿಗೆ ಹಾರ ಬೇಡ, ಆ ರಾತ್ರಿಯ ಕೂಲಿ ಕೊಡಲಿ.

ನಾಟಕಕಾರ ಎಂದು ಹುಟ್ಟಿದನೆಂಬುದನ್ನು ಊಹಿಸಿ ಹಬ್ಬ ಮಾಡಬಹುದು. ನಾಟಕ ಆಡುವವನು ಏನು ತಿಂದು ಬದುಕಬೇಕೆಂಬುದನ್ನು ಊಹೆಗೆ ಬಿಡಲಾಗದು.