ಮೈಲಿ ಎಷ್ಟು ಅಂತ ಕೇಳೋರಿಗೆ ಗಾಡಿ ತೋರಸಬ್ಯಾಡ್ರಿ

ಹಳೇ ಗಾಡಿ ಮಾರಲಿಕ್ಕೆ ಇಟ್ರ, ನೋಡ್ಲಿಕ್ಕೆ ಬಂದ ಮಂದಿ ಬಾಯಾಗಿಂದ ಮೊದಲ ಬರೋ ಮಾತು ಒಂದ. "ಎಷ್ಟು ಮೈಲಿ ಓಡೇದ?" ಎಣ್ಣಿ ಯಾವಾಗ ಬದಲಿ ಮಾಡೀರಿ, ಟೈರು ಯಾವ ವರ್ಷದ್ದು, ಬುಡಕ ತುಕ್ಕು ಹಿಡದದೇನು, ಇದ್ಯಾವುದೂ ಅಲ್ಲ. ಬರೇ ಮೈಲಿ. ಹೆಣ್ಣು ನೋಡ್ಲಿಕ್ಕೆ ಬಂದೋರು ಹುಡುಗಿ ಮಾರಿನೂ ನೋಡದ ಸೀದಾ ಜಾತಕಾ ಕೇಳಿದ್ಹಂಗ. ಈ ಪ್ರಶ್ನೆ ಮ್ಯಾಲೆ ನಂದೊಂದು ಜಗಳ ಅದ. ಇವತ್ತ ಅದನ್ನ ಪೂರ್ತಿ ಆಡೇ ಮುಗಸ್ತೀನಿ.

ನಿನಗ್ಯಾಕ ಊರ ಉಸಾಬರಿ ಅಂತೀರೇನು? ನಾವು ಇರೋದು ಮಿಷಿಗನ್ನಿನ್ಯಾಗ. ನಮ್ಮ ಬಾಜೂ ಮನಿ ಅಜ್ಜಿಗೆ 84 ವರ್ಷ. ಅವರ ಯಜಮಾನರು ವಿಕ್ಸಮ್ ಊರಿನ ಫೋರ್ಡ್ ಕಾರ್ಖಾನ್ಯಾಗ ದುಡದವರು. 1957ರಾಗ ಶುರುವಾಗಿ 2007ರಾಗ ಬಾಗಲಾ ಮುಚ್ಚಿದ ಕಾರ್ಖಾನಿ ಅದು. ಲಿಂಕನ್ ಗಾಡಿ ಅಲ್ಲೇ ಹುಟ್ಟತಿದ್ವು. ಅಲ್ಲಿಂದನ ಬಂದ 1989ರ ಲಿಂಕನ್ ಟೌನ್ ಕಾರ್ ಅಜ್ಜಿ ಗ್ಯಾರೇಜಿನ್ಯಾಗ ಇತ್ತು. 18 ಅಡಿ ದಾಟಿದ ಉದ್ದ, 5 ಲೀಟರಿನ ವಿ-8 ಇಂಜಿನ್, ಸೋಫಾದಂಥಾ ಸೀಟು, ಛತ್ತಿನ ಹಿಂದಿನ ಅರ್ಧಕ್ಕ ಮೆತ್ತನ್ನ ವಿನೈಲ್ ಹೊದಿಕಿ. ಆ ಡಬ್ಬಿ ಆಕಾರದ ಟೌನ್ ಕಾರಿಗೆ 1989 ಕಡೀ ವರ್ಷ. 1990ರಾಗ ಹೊಸಾ, ದುಂಡನ್ನ ಆಕಾರ ಬಂತು.

ಯಜಮಾನರು ತೀರಿಕೊಂಡು ನಾಕು ವರ್ಷಾತು. ಅಜ್ಜಿಗೆ ಕಣ್ಣು ಮಂದಾಗಿ ಡಾಕ್ಟರು ಗಾಡಿ ಓಡ್ಸೋದು ಬಿಡಸ್ಯಾರ. ಈಗ ಅವರಿಗೆ ಬೇಕಾಗಿದ್ದು ಬಚ್ಚಲ ರಿಪೇರಿ. ಟಬ್ಬಿನ ಅಂಚು ದಾಟಿ ಒಳಗ ಕಾಲು ಇಡೋ ಮುಂದ ದಿನಾ ಜೀವ ಕೈಯಾಗ ಹಿಡಕೋತಾರ. ಟಬ್ಬು ಕಿತ್ತು, ಸಪಾಟು ನೆಲದಾಗ ಶವರ್ ಹಾಕಸಬೇಕು. ಅದಕ್ಕ ರೊಕ್ಕ ಬೇಕು. ಗಾಡಿ ಮಾರೋದು ಅದಕ್ಕ. "ನೋಡೋರು ಬಂದಾಗ ನನ್ನ ಬಾಜೂಕ ಕೂಡು" ಅಂದ್ರು, ಕೂತೆ. ಅಲ್ಲಿ ಕೂತು ಕೇಳಿದ ಮಾತಿಂದ ಹುಟ್ಟಿದ ಜಗಳ ಇದು.

ಗಾಡಿ 91 ಸಾವಿರ ಮೈಲಿ ಓಡಿತ್ತು. ಮೊದಲ ಬಂದಾಂವ ಹಳೇ ಗಾಡಿ ತೊಗೊಂಡು ಮಾರೋ ವ್ಯಾಪಾರಿ. ಮೀಟರ್ ನೋಡಿದ, ಒಂದು ಸುತ್ತು ಹಾಕಿದ, 3,500 ಡಾಲರ್ ಅಂದ. "30 ಸಾವಿರದ ಒಳಗ ಇದ್ರ ನಾನ 12 ಸಾವಿರ ಕೊಡ್ತಿದ್ದೆ" ಅಂತ ಮ್ಯಾಲೆ ಒಗ್ಗರಣಿ ಬ್ಯಾರೆ. ಅಜ್ಜಿ ಟೇಬಲ್ ಮ್ಯಾಲೆ ಒಂದು ದಪ್ಪ ಫೈಲ್ ಇಟ್ಟಿದ್ರು. 35 ವರ್ಷದ ಒಂದೊಂದೂ ರಸೀದಿ ಅದರಾಗ ಇತ್ತು. ಆ ಮಹಾಶಯ ಅದನ್ನ ತೆರದು ಸೈತ ನೋಡ್ಲಿಲ್ಲ.

ಈಗ ನನ್ನ ಮಾತು ಕೇಳ್ರಿ. ಕಡಿಮಿ ಓಡಿದ ಗಾಡಿ ಅಂದ್ರ ಚೊಲೋ ಇಟ್ಟ ಗಾಡಿ ಅಂತ ಅರ್ಥ ಅಲ್ಲ. ಇವೆರಡೂ ಬ್ಯಾರೆ ಬ್ಯಾರೆ. ಎಷ್ಟೋ ಸಲ ಒಂದಕ್ಕೊಂದು ವೈರಿ.

ನಮ್ಮ ಮನಿ ಹೆಣ್ಣಮಕ್ಕಳಿಗೆ ಇದನ್ನ ಹೇಳಿಕೊಡೋದೇ ಬ್ಯಾಡ. ರೇಷ್ಮಿ ಸೀರಿ ಟ್ರಂಕಿನ್ಯಾಗ ಇಟ್ಟು ಹತ್ತು ವರ್ಷ ಮುಟ್ಟದ ಇದ್ರ ಏನಾಗ್ತದ? ಮಡಿಕಿ ಮ್ಯಾಲೇ ಹರೀತದ. ವರ್ಷಕ್ಕೊಮ್ಮೆ ತಗದು, ಗಾಳಿಗೆ ಹಾಕಿ, ಮಡಿಕಿ ಬದಲಿಸಿ, ನಾಕು ಹಬ್ಬಕ್ಕ ಉಟ್ಟ ಸೀರೀನ ಮಮ್ಮಕ್ಕಳ ತನಕಾ ಬರೋದು. ವರ್ಷಾನುಗಟ್ಲೆ ಮಾಡದ ಮ್ಯಾಲೆ ಕೂತ ಕುಕ್ಕರಿನ ರಬ್ಬರು ತಾನ ಸೆಟದು ಬಿರೀತದ. ಸೇದದ ಬಾವಿ ನೀರು ನಾರತದ. ಇಷ್ಟೆಲ್ಲಾ ಗೊತ್ತಿದ್ದ ನಾವು, ಗಾಡಿ ವಿಷಯಕ್ಕ ಬಂದ ಕೂಡಲೇ "ನಿಂತದ್ದ ಚೊಲೋ" ಅಂತ ಯಾಕ ನಂಬಬೇಕು?

ನಿಂತ ಗಾಡಿ ಒಳಗ ಏನೇನು ನಡೀತದ ಹೇಳ್ತೀನಿ. ಟೈರಿನ ರಬ್ಬರು ಓಡಿದ್ರ ಅಷ್ಟ ಅಲ್ಲ, ವಯಸ್ಸಾದ್ರೂ ಸಾಯ್ತದ. ಮ್ಯಾಲಿನ ಗೆರಿ ಹೊಸಾದರಂಗ ಕಂಡ್ರೂ ಒಳಗ ಬಿರುಕು ಬಿಟ್ಟಿರ್ತದ. ಟೈರಿನ ಬಾಜೂಕ ಬರದ ಡಾಟ್ ನಂಬರಿನ ಕಡೀ ನಾಕು ಅಂಕಿ ನೋಡ್ರಿ. 2000ರಿಂದ ಈಚೀಗೆ ಆದ ಟೈರಿನ್ಯಾಗ ಮೊದಲ ಎರಡು ಅಂಕಿ ವಾರ, ಆಮ್ಯಾಲಿನ ಎರಡು ವರ್ಷ. 1803 ಅಂತಿದ್ರ 2003ರ 18ನೇ ವಾರದ್ದು. ಅಂಥಾ ಟೈರಿನ ಮ್ಯಾಲೆ ನಿಂತ ಗಾಡಿಗೆ "ಅಗದೀ ಹೊಸಾದರಂಗ ಅದ" ಅಂತ ಹೇಳಿ ಮಾರೋರಿಗೆ ಧೈರ್ಯ ಭಾಳ.

ಇಲ್ಲಿ ಪೆಟ್ರೋಲಿಗೆ ಹತ್ತರಾಗೊಂದು ಪಾಲು ತನಕಾ ಎಥನಾಲ್ ಬೆರಸಿರ್ತಾರ. ಎಥನಾಲ್ ನೀರಿನ ಪಸಿ ಹೀರ್ತದ. ತಿಂಗಳಾನುಗಟ್ಲೆ ನಿಂತ ಪೆಟ್ರೋಲು ಕೆಟ್ಟು ಅಂಟಾಗ್ತದ, ಟಾಕಿಗೆ ಒಳಗಿಂದ ತುಕ್ಕು ಹಿಡೀತದ. ಬ್ರೇಕಿನ ಎಣ್ಣಿಗೂ ಅದ ಚಟ, ಗಾಳ್ಯಾಗಿನ ಪಸಿ ಎಳಕೋತದ. ಇಂಜಿನ್ ತಿರಗದ ಇದ್ರ ಸೀಲುಗಳಿಗೆ ಎಣ್ಣಿ ಮುಟ್ಟೂದಿಲ್ಲ, ಒಣಗಿ ಸೋರಲಿಕ್ಕೆ ಹತ್ತತಾವ. ಎಸಿ ಕಂಪ್ರೆಸರಿನ ಸೀಲಿನದೂ ಅದ ಕಥಿ.

ಇನ್ನ "ಮುದುಕಿ ಬರೇ ಆಯಿತವಾರ ಚರ್ಚಿಗೆ ಓಡ್ಸಿದ ಗಾಡಿ" ಅಂತ ಅಮೇರಿಕಾದಾಗ ಒಂದು ಹಳೇ ಮಾರಾಟದ ಮಾತದ. ನಮ್ಮ ಕಡೆ "ಡಾಕ್ಟರ್ ಓಡ್ಸಿದ ಗಾಡ್ರೀ" ಅಂತಾರಲ್ಲಾ, ಅದರ ಅಣ್ಣ. ನಂಗ ಆ ಮಾತು ಕೇಳಿದ್ರ ಮೈ ಉರೀತದ. ಎರಡು ಮೈಲಿ ಹೋಗಿ ಎರಡು ಮೈಲಿ ಬರೋದಂದ್ರ ಇಂಜಿನ್ನಿಗೆ ಅಗದೀ ಕೆಟ್ಟ ಓಡಾಟ. ಪೂರ್ತಿ ಕಾಯೂದ ಇಲ್ಲ. ಎಣ್ಣ್ಯಾಗ ಕೂತ ನೀರು ಆವಿಯಾಗಿ ಹೊರಗ ಹೋಗೂದಿಲ್ಲ, ಹೊಗಿ ಕೊಳವಿ ಒಳಗಿಂದನ ಕೊಳೀತದ. ನಮ್ಮ ಅಜ್ಜಿ ಗಾಡಿ ಚರ್ಚಿನ ಗಾಡಿ ಆಗಿರಲಿಲ್ಲ. ಪ್ರತಿ ಬ್ಯಾಸಗಿಗೆ ಮ್ಯಾಕಿನಾ ಸೇತುವಿ ದಾಟಿ ಉತ್ತರಕ್ಕ ಹೋಗಿ ಬಂದ ಗಾಡಿ. ಥಂಡಿ ಶುರುವಾಗಿ ರಸ್ತಾಕ್ಕ ಉಪ್ಪು ಬಿದ್ದ ದಿನದಿಂದ ಆ ಉಪ್ಪು ಮಳ್ಯಾಗ ತೊಳಕೊಂಡು ಹೋಗೋ ತನಕಾ ಒಳಗ. ಡೆಟ್ರಾಯಿಟ್ ಊರಿನ ಬುಡಕ ಸುಮಾರು 1,200 ಅಡಿ ಆಳದಾಗ ಉಪ್ಪಿನ ಗಣಿನ ಅದ. ಇಲ್ಲಿ ಗಾಡಿ ಕೊಲ್ಲೋದು ಮೈಲಿ ಅಲ್ರೀ, ಉಪ್ಪು.

ಕಾಯ್ದೆ ಮಾತಿಗೆ ಬರ್ರಿ. ಮಂದಿ ದೇವರಂಗ ಪೂಜಾ ಮಾಡೋ ಆ ಮೀಟರಿನ ಅಂಕಿ ಅದ ಅಲ್ಲಾ, 2010ರ ಮಾಡಲ್ ಮತ್ತ ಅದಕ್ಕಿಂತ ಹಳೇ ಗಾಡಿ ಮಾರೋ ಮುಂದ ಅದನ್ನ ಬರದು ಕೊಡಲೇಬೇಕು ಅಂತ ಅಮೇರಿಕಾದ ಕೇಂದ್ರ ಸರಕಾರದ ನಿಯಮ ಹೇಳೂದಿಲ್ಲ. 2011ರಿಂದ ಈಚಿನ ಮಾಡಲ್ಲಿಗೆ ಅಷ್ಟ 20 ವರ್ಷದ ತನಕಾ ಬರದು ಕೊಡಬೇಕು. ಮೀಟರ್ ಹಿಂದಕ್ಕ ತಿರಗಸೋದು ಯಾವ ಗಾಡ್ಯಾಗಾದ್ರೂ ಅಪರಾಧನ, ಆ ಮಾತು ಬ್ಯಾರೆ. ಆದ್ರ 1989ರ ಗಾಡಿ ಮೀಟರಿಗೆ ಕೇಂದ್ರದ ಕಾಗದದ ಸಾಕ್ಷಿ ಕಡ್ಡಾಯ ಇಲ್ಲ ಅಂದ ಮ್ಯಾಲೆ, ಅದೊಂದ ಅಂಕಿ ಹಿಡಕೊಂಡು ಸಾವಿರಾರು ಡಾಲರ್ ಮ್ಯಾಲೆ ಕೆಳಗ ಮಾಡೋದು ಯಾವ ಶಾಣ್ಯಾತನ? ಸಾಕ್ಷಿ ಇರೋದು ರಸೀದ್ಯಾಗ. ಎಣ್ಣಿ ಬದಲಿ ಮಾಡಿದ ಪ್ರತಿ ರಸೀದಿ ಮ್ಯಾಲೆ ತಾರೀಖು, ಆವತ್ತಿನ ಮೈಲಿ ಎರಡೂ ಬರದಿರ್ತದ. ಖರೇ ಜಾತಕಾ ಅದು.

ಅಜ್ಜಿ ಫೈಲಿನಾಗಿಂದ ಒಂದ ಉದಾಹರಣಿ ಕೊಡ್ತೀನಿ. ಈ ಗಾಡಿಯ ಗೇರ್‌ಬಾಕ್ಸಿಗೆ ಒಂದು ಕೇಬಲ್ ಅದ. ಆಕ್ಸಿಲರೇಟರ್ ಎಷ್ಟು ಒತ್ತೀರಿ ಅಂತ ಅದರ ಮುಖಾಂತರ ಗೇರ್‌ಬಾಕ್ಸಿಗೆ ತಿಳೀತದ, ಅದಕ್ಕ ತಕ್ಕಂಗ ಒಳಗ ಎಣ್ಣಿ ಒತ್ತಡ ಏರ್ತದ. ಇಂಜಿನ್ ಕಡಿಂದ ಆ ಕೇಬಲ್ ಹಿಡದಿರೋದು ಒಂದು ಸಣ್ಣ ಬುಷ್. ವಯಸ್ಸಾದ ಮ್ಯಾಲೆ ಪುಡಿ ಆಗಿ ಉದರತದ. ಉದರಿ ಕೇಬಲ್ ಕಳಚಿದ ಮ್ಯಾಲೂ ಗಾಡಿ ಹಂಗ ಓಡ್ಸಿದ್ರ ಪೂರಾ ಗೇರ್‌ಬಾಕ್ಸ್ ಸುಟ್ಟು ಹೋಗ್ತದ. ನಾಕು ಕಾಸಿನ ಬುಷ್, ಸಾವಿರಾರು ಡಾಲರಿನ ಗೇರ್‌ಬಾಕ್ಸ್. ಅಜ್ಜಿ ಯಜಮಾನರು ಅದು ಉದರೋಕ್ಕಿಂತ ಮೊದಲ ಹಿತ್ತಾಳಿದ್ದು ಹಾಕಸ್ಯಾರ, ರಸೀದಿ ಅದ. ಎಸಿಗೆ ಹಾಕತಿದ್ದ ಹಳೇ ಆರ್-12 ಗ್ಯಾಸ್ ತಯಾರಿ ಈ ದೇಶದಾಗ 1995ರ ಕಡೀಕ ನಿಂತಿತು. ಆಮ್ಯಾಲೆ ಆರ್-134ಎಗೆ ಬದಲಿ ಮಾಡ್ಸಿದ ರಸೀದಿನೂ ಅದ. ವಿನೈಲ್ ಛತ್ತಿನ ಬುಡಕ ನೀರು ನಿಂತು ತುಕ್ಕು ಹಿಡಿಯೋದು ಈ ಗಾಡಿಗಳ ದೊಡ್ಡ ರೋಗ. ಹಿಂದಿನ ಕಾಚಿನ ಅಂಚಿನಾಗ ಅದನ್ನ ಬಿಚ್ಚಿಸಿ ನೋಡಿ, ಒಣಗಿಸಿ, ಮತ್ತ ಕೂಡ್ಸಿದ ಲೆಕ್ಕಾನೂ ಅದ. ಇದೆಲ್ಲಾ ಒಂದೊಂದಾಗಿ ಹೊಸದಾಗಿ ಮಾಡಸ್ರಿ ನೋಡೋಣ. 30 ಸಾವಿರ ಮೈಲಿಯ ನಿಂತ ಗಾಡಿ ತಂದೋರು ಇದೇ ಖರ್ಚು ಮನೀಗೆ ಹೋದ ಮ್ಯಾಲೆ ಕಣ್ಣೀರಿನ ಜೋಡಿ ಮಾಡ್ತಾರ.

ನಮ್ಮ ಮನಿಯವರು ನನ್ನ ಜೋಡಿ ವಾದಕ್ಕ ನಿಂತ್ರು. "ಹೊಸಾ ಬಣ್ಣ ಬಡೀಬಹುದು, ಹೊಸಾ ಚರ್ಮ ಹೊಲಿಸಬಹುದು. ಆದ್ರ ಕಾರ್ಖಾನಿ ಬಣ್ಣ, ಕಾರ್ಖಾನಿ ಹೊಲಿಗಿ ಒಂದ ಸಲ ಇರ್ತದ. ಕಡಿಮಿ ಓಡಿದ್ದಕ್ಕ ಅದು ಉಳದಿರ್ತದ. ಅದಕ್ಕ ಬೆಲಿ ಇಲ್ಲೇನು?" ಅಂದ್ರು. ಅದ, ಇಲ್ಲ ಅನ್ನೂದಿಲ್ಲ. ಮ್ಯೂಸಿಯಮ್ಮಿಗೆ ಇಡಲಿಕ್ಕೆ ಒಂದೆರಡು ಅಂಥಾವು ಬೇಕು. ಆದ್ರ ಟೌನ್ ಕಾರ್ ಲಕ್ಷಗಟ್ಲೆ ತಯಾರಾದ ಗಾಡಿ. ಎಲ್ಲಾನೂ ಮ್ಯೂಸಿಯಮ್ಮಿನ ಲೆಕ್ಕದಾಗ ತೂಗಿದ್ರ, ಓಡಿಸೋ ಗಾಡಿ ಯಾರು ಉಳಸ್ತಾರ? ಓಡ್ಸಿದವರಿಗೆ ದಂಡ, ಮುಚ್ಚಿಟ್ಟವರಿಗೆ ಬಹುಮಾನ. ಇದನ್ನ ನೋಡಿದ ಮುಂದಿನಾಂವ ಏನು ಕಲೀತಾನ? ಮುಚ್ಚಿಡೋದನ್ನ ಕಲೀತಾನ.

ಇನ್ನೊಂದು ಥರದ ಮಂದೀನೂ ಅದಾರ. ಅಜ್ಜಿ ಬಳಗದವರ ಪೈಕಿ ಒಬ್ಬರು ಫೋನಿನ್ಯಾಗ "ಹಳೇ ಡಬ್ಬಿ ಅದು, ಯಾರು ಕೇಳ್ತಾರ ಅವರಿಗೆ ಕೊಟ್ಟು ಕೈ ತೊಳಕೋ" ಅಂದ್ರು. ಮತ್ತೊಬ್ಬರು "ಇನ್ನ ಹತ್ತು ವರ್ಷ ಇಡು, ಬಂಗಾರದಂಥಾ ರೇಟ್ ಬರ್ತದ" ಅಂದ್ರು. 84 ವರ್ಷದಾಕಿಗೆ ಹತ್ತು ವರ್ಷ ಕಾಯಿ ಅನ್ನೋ ನಾಲಿಗಿಗೆ ಏನನ್ನಬೇಕು? ಇಬ್ಬರಿಗೂ ಬಚ್ಚಲದಾಗಿನ ಟಬ್ಬಿನ ಅಂಚು ಕಾಣೂದಿಲ್ಲ. ಒಬ್ಬರಿಗೆ ಗಾಡಿ ಕಸ, ಇನ್ನೊಬ್ಬರಿಗೆ ಲಾಟರಿ. ಅದರ ಹಿಂದ 35 ವರ್ಷದ ದುಡಿತ ಅದ ಅನ್ನೋದು ಇಬ್ಬರಿಗೂ ಬ್ಯಾಡಾಗೇದ.

ಮಾರೋರಿಗೂ ನನ್ನದೊಂದು ಮಾತದ. ಖರೀದಿ ಮಾಡೋರು ಮೈಲಿ ಒಂದ ಕೇಳ್ತಾರಂದ್ರ ಅದರಾಗ ನಿಮ್ಮ ಪಾಲೂ ಅದ. ನೀವು ಟೈರಿಗೆ ಕರಿ ಹೊಳಪು ಬಡದು, ಸೀಟಿಗೆ ವಾಸನಿ ಎಣ್ಣಿ ಹೊಡದು, "ನಿಲ್ಲಸೋ ಮುಂದ ಓಡತಿತ್ತು" ಅಂತ ಬರದು ಹಾಕಿದ್ರ ಅವರರೆ ಏನು ನಂಬಬೇಕು? ನಾವು ಅಜ್ಜಿ ಗಾಡಿಗೆ ಒಂದು ಹಾಳಿ ಬರದ್ವಿ. ಮ್ಯಾಲೆ ದೊಡ್ಡ ಅಕ್ಷರದಾಗ ಕೆಟ್ಟದ್ದು. ಹಿಂದಿನ ಬಲಗಡೆ ಕಿಡಕಿ ತಡದು ತಡದು ಏರ್ತದ, ಡ್ಯಾಶ್‌ಬೋರ್ಡಿನ್ಯಾಗ ಒಂದು ಸೀಳು, ಬಲಗಡೆ ಬಾಗಲಾ ಒಮ್ಮೆ ಬಣ್ಣ ಬಡದದ್ದು, ಗಡಿಯಾರ ನಿಂತದ. ಅದರ ಬುಡಕ ಮಾಡ್ಸಿದ್ದು, ವರ್ಷ ಹಾಕಿ. ಕಡೀಕ, ಅಗದೀ ಕಡೀಕ, ಮೈಲಿ. ನೋಡ್ಲಿಕ್ಕೆ ಬಂದೋರ ಕೈಯಾಗ ಮೊದಲ ಹಾಳಿ, ಆಮ್ಯಾಲೆ ಕೀಲಿ. ಹಾಳಿ ಓದದ ಮೀಟರ್ ನೋಡ್ಲಿಕ್ಕೆ ಬಗ್ಗಿದವರಿಗೆ ಚಹಾ ಕುಡಿಸಿ ಕಳಸಿದ್ವಿ.

ಗಾಡಿ 7,800 ಡಾಲರಿಗೆ ಹೋತು. ತೊಗೊಂಡಾಂವ ಬಸ್ ಡ್ರೈವರು. ಗಾಡಿ ಬುಡಕ ಚಾಪಿ ಹಾಕ್ಕೊಂಡು ಮಲಗಿ ಅರ್ಧಾ ತಾಸು ನೋಡಿದ, ಫೈಲು ಕೂತು ಓದಿದ, ಕಿಡಕಿ ರಿಪೇರಿ ಅಂತ 200 ಕಡಿಮಿ ಕೇಳಿದ, ಕೊಟ್ವಿ. ಹೆಂಡತೀನ್ನ ಕರಕೊಂಡು ವಾರಾ ವಾರಾ ಓಡಸ್ತಾನಂತ. ಅದ ತಿಂಗಳ ನಾ ನೋಡಿದ ಇನ್ನೊಂದು ಇಂಥಾದ್ದ ಗಾಡಿ, 19 ಸಾವಿರ ಮೈಲಿ, 20 ವರ್ಷದ ಟೈರು, ಸೋರೋ ಗೇರ್‌ಬಾಕ್ಸು, 14 ಸಾವಿರಕ್ಕ ಹೋತು. ಸಂತಿ ಇನ್ನೂ ಬದಲಾಗಿಲ್ಲ, ನಂಗೂ ಗೊತ್ತದ. ಆದ್ರ 3,500 ಮತ್ತ 7,800ರ ನಡುವಿನ 4,300 ಡಾಲರ್ ಅಂದ್ರ ಅಜ್ಜಿ ಫೈಲಿನ ಬೆಲಿ. ಮೀಟರ್ ಮುಚ್ಚಿ ಹಾಳಿ ತೆರದದ್ದಕ್ಕ ಸಿಕ್ಕಿದ್ದು ಅಷ್ಟು.

ನಿಮ್ಮ ಮನ್ಯಾಗೂ ಗಾಡಿ ಇರಬಹುದು, ಹೊಲಿಗಿ ಮಷೀನು ಇರಬಹುದು, ಅಜ್ಜನ ಕಾಲದ ರೇಡಿಯೋ ಇರಬಹುದು. ಮಾರೋದಿದ್ರ ಮಾರ್ರಿ, ತಪ್ಪೇನಿಲ್ಲ. ಆದ್ರ "ಮುಟ್ಟೇ ಇಲ್ರೀ" ಅಂತ ಹೆಮ್ಮಿಲೆ ಹೇಳಬ್ಯಾಡ್ರಿ. ಎಷ್ಟು ಸಲ ಮುಟ್ಟೀರಿ, ಯಾವಾಗ ಮುಟ್ಟೀರಿ, ಏನು ಸರಿ ಮಾಡೀರಿ ಅಂತ ಬರದಿಡ್ರಿ. ಆ ಹಾಳಿಗೆ ರೊಕ್ಕಾ ಕೇಳ್ರಿ, ಸಂಕೋಚ ಇಲ್ಲದ ಕೇಳ್ರಿ.