ಉಚ್ಚಾರಣೆಯ ಪಂಕ್ತಿಭೇದ

ವಿದ್ಯಾವಂತರ ಮನೆಗಳಲ್ಲಿ ಹಳೆಯ ಪಂಕ್ತಿಭೇದವು ತೊಲಗಿತೆಂದು ನಾವು ಸಂತೋಷಪಡುತ್ತಿರುವಾಗಲೇ ಅದರ ಸ್ಥಾನದಲ್ಲಿ ಹೊಸದೊಂದು ಬಂದು ಕುಳಿತಿದೆ. ಯಾರ ಎಲೆಗೆ ಏನನ್ನು ಬಡಿಸಬೇಕೆಂಬುದು ಈಗ ಪ್ರಶ್ನೆಯಲ್ಲ. ಬಡಿಸಿದ್ದನ್ನು ಯಾರು ಏನೆಂದು ಕರೆಯುತ್ತಾರೆಂಬುದೇ ಕುಲಪರೀಕ್ಷೆ. ಅಜ್ಜಿ ‘ಬಿಸ್ಕತ್ತು’ ಎಂದರೆ ಮೊಮ್ಮಗನಿಗೆ ನಗು. ಸೊಸೆ ‘ಟಮಾಟೆ’ ಎಂದರೆ ನಾದಿನಿಗೆ ನಗು. ಶುದ್ಧ ಇಂಗ್ಲಿಷಿನಲ್ಲಿ ಹಾಗಿಲ್ಲವಂತೆ! ಆ ಶುದ್ಧಿಯು ಎಲ್ಲಿದೆಯೆಂದು ಕೊಂಚ ವಿಚಾರಿಸೋಣ.

ಮೆಕ್ಸಿಕೋ ದೇಶದ ನಾವಾತಲ್ ಭಾಷೆಯ ‘ತೊಮತ್ಲ್’ ಸ್ಪೇನಿನವರ ಬಾಯಲ್ಲಿ ‘ತೊಮಾತೆ’ ಆಯಿತು. ಇಂಗ್ಲಿಷರೂ ಮೊದಲು ಅದನ್ನು ಎಕಾರಾಂತವಾಗಿಯೇ ಬರೆದು, ಓಕಾರವನ್ನು ಆಮೇಲೆ ಹಚ್ಚಿದರು. ಹೀಗಿರಲು ಸೊಸೆಯ ‘ಟಮಾಟೆ’ಯೇ ಮೂಲಕ್ಕೆ ಹತ್ತಿರ. ಇಂದಿಗೂ ಇಂಗ್ಲೆಂಡಿನವರದು ‘ಟೊಮಾಟೊ’, ಅಮೆರಿಕದವರದು ‘ಟೊಮೇಟೊ’. ಈ ಭೇದವನ್ನೇ ವಿನೋದಕ್ಕೆ ತಿರುಗಿಸಿ ಗರ್ಶ್ವಿನ್ ಸೋದರರು 1937ರ ಚಲನಚಿತ್ರವೊಂದಕ್ಕೆ ಹಾಡು ಕಟ್ಟಿದರು. ‘ಸ್ಕೋನ್’ ಎಂಬ ತಿಂಡಿಯನ್ನು ಇಂಗ್ಲೆಂಡಿನಲ್ಲಿಯೇ ‘ಸ್ಕಾನ್’ ಎನ್ನುವವರೂ ಉಂಟು. ಅವೇ ಅಕ್ಷರಗಳಿಂದ ಬರೆಯುವ ಸ್ಕಾಟ್ಲೆಂಡಿನ ಊರಾದರೋ ‘ಸ್ಕೂನ್’! ಇನ್ನು ಬಿಸ್ಕತ್ತು. ಎರಡು ಬಾರಿ ಬೇಯಿಸಿದ್ದು ಎಂಬರ್ಥದ ಲ್ಯಾಟಿನ್ ಮೂಲದಿಂದ ಬಂದ ಈ ಶಬ್ದವನ್ನು ಇಂಗ್ಲಿಷರು ಬಹುಕಾಲ ‘ಬಿಸ್ಕೆಟ್’ ಎಂದೇ ಬರೆಯುತ್ತಿದ್ದು, ಅನಂತರ ಫ್ರೆಂಚರ ಕಾಗುಣಿತವನ್ನು ತಂದು, ನುಡಿಯದ ಅಕ್ಷರವೊಂದನ್ನು ನಡುವೆ ತುರುಕಿದರು. ‘ಸಾಮನ್’ ಮೀನಿನ ಹೆಸರಿನಲ್ಲಿ ಲಕಾರವು ಸೇರಿದ್ದೂ ಲ್ಯಾಟಿನ್ ಪಾಂಡಿತ್ಯದ ಮೆರವಣಿಗೆಗಾಗಿಯೇ. (ಆ ಮೀನು ನನ್ನ ಅಡಿಗೆಮನೆಗೆ ಬರತಕ್ಕುದಲ್ಲ, ಶಬ್ದಕ್ಕೆ ಮಡಿಯಿಲ್ಲವಷ್ಟೆ.) ಬರೆದಿರುವ ಲಕಾರವನ್ನು ಓದಿದ ಹುಡುಗನನ್ನು ತರಗತಿಯಲ್ಲಿ ನಗೆಗೀಡುಮಾಡುವುದು ಯಾವ ನ್ಯಾಯ? ಬರೆದವನ ತಪ್ಪಿಗೆ ಓದಿದವನಿಗೆ ದಂಡವೆ? ಹಾಗೆ ನಗಿಸಿಕೊಂಡ ಹುಡುಗನು ವರ್ಷವಿಡೀ ಬಾಯಿ ತೆರೆಯದುದನ್ನು ನನ್ನ ಉಪಾಧ್ಯಾಯವೃತ್ತಿಯಲ್ಲಿ ಕಂಡಿದ್ದೇನೆ.

‘ಪಾಠಶಾಲೆಯಲ್ಲಿ ಓದಿದ ನೀವು ಉಚ್ಚಾರಣೆ ಹೇಗಿದ್ದರೂ ಸರಿಯೆನ್ನುವಿರಾ?’ ಎಂದು ಕೆಲವರು ಕೇಳಿಯಾರು. ಶಿಕ್ಷೆಯು ಷಡಂಗಗಳಲ್ಲಿ ಒಂದೆಂಬುದನ್ನು ನಾನು ಬಲ್ಲೆ. ಆದರೆ ಅಲ್ಲಿಯೂ ಶಾಖೆಗೊಂದು ಪಾಠಕ್ರಮವಿದೆ. ಶುಕ್ಲಯಜುರ್ವೇದದ ಮಾಧ್ಯಂದಿನರು, ಟವರ್ಗವು ಮುಂದಿಲ್ಲದ ಕಡೆ, ಷಕಾರವನ್ನು ಖಕಾರವಾಗಿ ಪಠಿಸುತ್ತಾರೆ; ‘ಪುರುಷ’ನು ಅವರಲ್ಲಿ ‘ಪುರುಖ’ನು. ತೈತ್ತಿರೀಯರು ಹಾಗೆ ಹೇಳುವುದಿಲ್ಲ. ಅಷ್ಟಕ್ಕೆ ಅವರನ್ನು ಇವರು ಅನಕ್ಷರಸ್ಥರೆಂದು ಹಳಿಯುವುದುಂಟೆ? ವೇದದಲ್ಲಿ ತೋರುವ ಔದಾರ್ಯವನ್ನು ಬಿಸ್ಕತ್ತಿನಲ್ಲಿ ತೋರಬಾರದೆ?

ಇಂಗ್ಲಿಷರೇನು ಮಾಡಿದರು? ತಮಿಳರ ‘ಮಿಳಗು ತಣ್ಣೀರ್’ ಅವರ ನಾಲಗೆಯಲ್ಲಿ ‘ಮಲಿಗಟಾನಿ’ ಆಯಿತು. ಅದಕ್ಕಾಗಿ ಯಾವ ದೊರೆಯೂ ತಲೆತಗ್ಗಿಸಲಿಲ್ಲ. ನಿಘಂಟಿನಲ್ಲಿ ಸೇರಿಸಿಕೊಂಡು ಸುಮ್ಮನಾದರು. ಬಂದ ಶಬ್ದವನ್ನು ಸ್ವರಾಂತ ಮಾಡಿಕೊಳ್ಳುವುದು ಕನ್ನಡದ ಸ್ವಭಾವ. ‘ಬ್ರೆಡ್ಡು’, ‘ಕೇಕು’, ‘ಬನ್ನು’ ಎನ್ನುವ ಗೃಹಿಣಿಯು ಇಂಗ್ಲಿಷನ್ನು ಕೆಡಿಸುತ್ತಿಲ್ಲ, ಕನ್ನಡವನ್ನಾಡುತ್ತಿದ್ದಾಳೆ. ಇಂಗ್ಲಿಷಿನಲ್ಲಿ ಮಾತನಾಡುವಾಗ ಇಂಗ್ಲಿಷಿನ ರೂಢಿಯನ್ನು ಮಕ್ಕಳಿಗೆ ಕಲಿಸಬೇಡವೆಂದು ನಾನು ಹೇಳುತ್ತಿಲ್ಲ. ಧಾರಾಳವಾಗಿ ಕಲಿಸಿರಿ, ಎರಡು ರೂಢಿಗಳಿದ್ದಲ್ಲಿ ಎರಡನ್ನೂ ಹೇಳಿರಿ. ಆದರೆ ‘ಟೊಮೇಟೊ’ವನ್ನು ನಿರ್ದುಷ್ಟವಾಗಿ ನುಡಿಯುವ ಇದೇ ಮಕ್ಕಳ ಬಾಯಲ್ಲಿ ‘ಬಾಳೆಹಣ್ಣು’ ‘ಬಾಲೆಹನ್ನು’ ಆಗುತ್ತಿದೆ. ಅದಕ್ಕೆ ಮಾತ್ರ ಮನೆಯಲ್ಲಿ ಯಾರೂ ನಗುತ್ತಿಲ್ಲ.