ಹಿತ್ತಿಲ ಮಾತು: ತೆಂಗಿನ ಮರವೂ ಅದನ್ನು ಏರುವವರೂ

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ ನಮ್ಮ ಬಂಧುಗಳ ಮನೆಯೊಂದಿರುವುದು. ಹಿತ್ತಿಲಲ್ಲಿ ಆರು ತೆಂಗಿನ ಮರಗಳು. ಅವುಗಳಲ್ಲೊಂದು ಹೋದ ಬೇಸಗೆಯಿಂದ ಮಂಕಾಗಿದ್ದಿತು. ಮರವೇರುವವರನ್ನು ಕರೆತರುವುದಕ್ಕಾಗಿ ಮನೆಯ ಯಜಮಾನರು ಮೂರು ವಾರ ಅಲೆದರೆಂದರೆ ನಮ್ಮ ವಾಚಕರಲ್ಲಿ ಅನೇಕರಿಗೆ ಆಶ್ಚರ್ಯವಾಗಲಾರದು. ಮದ್ದೂರಿನ ಎಳನೀರಿನ ಪೇಟೆಯಿಂದ ಮುಂಬಯಿ, ದೆಹಲಿ, ಹೈದರಾಬಾದುಗಳಿಗೆ ಲಾರಿಗಳು ಹೊರಡುತ್ತಿರುವಾಗ ನುರಿತ ಆಳುಗಳು ವ್ಯಾಪಾರಿಗಳ ತೋಟಗಳಲ್ಲಿಯೇ ತೀರಿಹೋಗುವರು. ಆರು ಮರಗಳ ಹಿತ್ತಿಲಿಗೆ ಯಾರು ಬಂದಾರು?

ಕಡೆಗೊಂದು ಭಾನುವಾರ ಮುಂಜಾನೆ, ನಾವೂ ಅಲ್ಲಿದ್ದ ಕಾಲದಲ್ಲಿ, ಇಬ್ಬರು ಬಂದರು. ಒಬ್ಬರು ಅರುವತ್ತನ್ನು ಸಮೀಪಿಸಿದ ಹಿರಿಯರು. ಇನ್ನೊಬ್ಬನು ಅವರ ಸೋದರಳಿಯ, ಇಪ್ಪತ್ತೈದರ ಪ್ರಾಯದವನು. ಹಿರಿಯರ ಹೆಗಲಲ್ಲಿ ಹಗ್ಗ, ಸೊಂಟದಲ್ಲಿ ಮಚ್ಚು. ಅಳಿಯನಾದರೋ ಬೈಕಿನ ಹಿಂದೆ ಕಬ್ಬಿಣದ ಯಂತ್ರವೊಂದನ್ನು ಕಟ್ಟಿಕೊಂಡು ಬಂದಿದ್ದನು. ಕೇರಳದ ಚೆಂಬೇರಿ ಜೋಸೆಫ್ ಎಂಬವರ ಹೆಸರಿನೊಡನೆ ಪ್ರಸಿದ್ಧವಾದ ಮಾದರಿಯದು. ಎರಡು ಚೌಕಟ್ಟುಗಳು, ಒಂದೊಂದಕ್ಕೂ ಬೊಡ್ಡೆಯನ್ನು ಸುತ್ತುವ ಉಕ್ಕಿನ ಹಗ್ಗ, ಒಂದರ ಮೇಲೆ ಭಾರವಿಟ್ಟು ಇನ್ನೊಂದನ್ನು ಮೇಲೆತ್ತುತ್ತ ಏರಬೇಕು. 2011ರಲ್ಲಿ ತೆಂಗು ಅಭಿವೃದ್ಧಿ ಮಂಡಲಿಯವರು ‘ತೆಂಗಿನ ಮರದ ಸ್ನೇಹಿತರು’ ಎಂಬರ್ಥದ ಹೆಸರಿನಿಂದ ಯುವಕರಿಗೆ ಇಂತಹ ಯಂತ್ರದ ಶಿಕ್ಷಣವನ್ನು ಕೊಡಲಾರಂಭಿಸಿದರು.

“ಸೈಕಲ್ ತುಳ್ಕೊಂಡು ಮರ ಹತ್ತೋನ ನೋಡಿ ಸ್ವಾಮಿ! ಬ್ರೇಕು ಎಲ್ಲೈತೆ ಕೇಳಿ,” ಎಂದರು ಹಿರಿಯರು.

“ನಿನ್ ಮಂಡಿಗೆ ಬ್ರೇಕ್ ಐತಾ ಮಾವ? ನಂಗೆ ಬೆಲ್ಟಾದ್ರೂ ಐತೆ,” ಎಂದು ಅವನು ಸೊಂಟದ ಪಟ್ಟಿಯನ್ನು ಬಿಗಿದುಕೊಂಡನು.

ಹಿರಿಯರು ನಕ್ಕರು, ಆದರೆ ಅವರ ಎಡಗೈ ಪೂರ್ತಿಯಾಗಿ ನೀಡಲು ಬಾರದೆಂಬುದನ್ನು ನಾವು ಆಗಲೇ ಗಮನಿಸಿದ್ದೆವು. ಒಣಗಿದ ಮಟ್ಟೆಯೊಂದನ್ನು ಹಿಡಿದುದರ ಫಲವಂತೆ. “ಒಣಮಟ್ಟೆ ನಂಬೋದೂ ಒಂದೇ, ಓಟ್ ಕೇಳೋಕ್ ಬಂದೋರ ಮಾತ್ ನಂಬೋದೂ ಒಂದೇ,” ಎಂದು ಅಳಿಯನಿಗೆ ಕೂಗಿ ಹೇಳಿದರು. ಯಂತ್ರವು ತಲೆಯ ಕೆಳಗಿನವರೆಗೆ ಮಾತ್ರ ಒಯ್ಯುವುದು. ಅಲ್ಲಿಂದಾಚೆಗೆ ಹಸಿ ಮಟ್ಟೆಯ ಬುಡವನ್ನೇ ಹಿಡಿಯಬೇಕು, ಹಿಡಿಯುವ ಮೊದಲು ಅಲುಗಿಸಿ ನೋಡಬೇಕು. ಮಳೆ ನಿಂತೊಡನೆ ಏರಕೂಡದು. ವಿದ್ಯುತ್ತಿನ ತಂತಿಯ ಕಡೆಗೆ ಬಾಗಿದ ಗರಿಯನ್ನು ಮುಟ್ಟಲೇಕೂಡದು. ಹಸಿ ಗರಿಯೇ ತಂತಿಯಂತೆ ಆಗಿಬಿಡುವುದು.

ಎಳನೀರಿನ ಗೊನೆಯನ್ನು ಅವರು ಕಡಿದು ಬೀಳಿಸುವುದಿಲ್ಲ. ಗೊನೆಗೆ ಹಗ್ಗ ಬಿಗಿದು, ಹಗ್ಗವನ್ನು ಮಟ್ಟೆಯ ಬುಡದ ಮೇಲಿಂದ ಹಾಯಿಸಿ, ಕಡಿದ ಬಳಿಕ ಕೆಳಗಿರುವವನು ಮೆಲ್ಲಮೆಲ್ಲನೆ ಸಡಿಲಿಸುವನು. ಬಿದ್ದ ಎಳನೀರು ಒಡೆಯುವುದು; ಒಡೆಯದಿದ್ದರೂ ಒಳಗೆ ಬಿರುಕಾಗಿ ಬೇಗ ಕೆಡುವುದು. ಒಳ್ಳೆಯ ಮರ ತಿಂಗಳಿಗೊಂದರಂತೆ ಹೊಂಬಾಳೆಯನ್ನು ಬಿಡುವುದಾದ್ದರಿಂದ ಮೇಲಿನಿಂದ ಎಣಿಸಿದರೆ ಗೊನೆಯ ವಯಸ್ಸು ತಿಳಿಯುವುದು. ಏಳು ತಿಂಗಳಿಗೆ ಎಳನೀರು, ಹನ್ನೆರಡಕ್ಕೆ ಕಾಯಿ. ಅಲುಗಿಸಿದಾಗ ನೀರು ಕುಲುಕಿದರೆ ಬಲಿತಿತೆಂದೇ ಅರ್ಥ.

ಇನ್ನು ಮಂಕಾದ ಮರದ ಸಂಗತಿ. ಹಿರಿಯರು ಅದನ್ನು ಹತ್ತಲಿಲ್ಲ. ಬೊಡ್ಡೆಗೆ ಕಿವಿಯಿಟ್ಟು ಬಹಳ ಹೊತ್ತು ನಿಂತರು. ಬಳಿಕ ನಮ್ಮನ್ನೂ ಕರೆದರು. ಒಳಗೆ ಯಾರೋ ಒಣರೊಟ್ಟಿಯನ್ನು ಅಗಿಯುವಂತಹ ಸಣ್ಣ ಸದ್ದು! ಎದೆಯ ಮಟ್ಟದಲ್ಲಿ ಎರಡು ರಂಧ್ರಗಳಿಂದ ಕಂದು ಬಣ್ಣದ ರಸ ಒಸರಿ, ಜಗಿದ ನಾರು ಹೊರಬಿದ್ದಿದ್ದಿತು. ಕೆಂಪು ಮೂತಿ ಹುಳು. ಇದರ ಮರಿಗಳು ಬೊಡ್ಡೆಯ ತಿರುಳನ್ನು ತಿನ್ನುತ್ತವೆ. ಹೊರಗೆ ಗರಿ ಹಳದಿಯಾಗುವ ಹೊತ್ತಿಗೆ ಒಳಗಿನ ಕೆಲಸ ಬಹುಪಾಲು ಮುಗಿದಿರುತ್ತದೆ.

“ಈ ಕಚ್ಚು ಹೊಡ್ಸಿದ್ಯಾರು?” ಎಂದು ಹಿರಿಯರು ಕೇಳಿದರು. ಬೊಡ್ಡೆಯಲ್ಲಿ ಕಾಲಿಡುವುದಕ್ಕೆಂದು ಕೊರೆದ ಮೆಟ್ಟಿಲುಗಳು.

ವಾಚಕರಲ್ಲಿ ಮರೆಮಾಚಿ ಪ್ರಯೋಜನವೇನು? ಹೊಡೆಸಿದವರು ನಾವೇ. ಐದು ವರ್ಷಗಳ ಹಿಂದೆ, ಏರುವವನಿಗೆ ಅನುಕೂಲವಾಗಲೆಂದು, ಬುದ್ಧಿವಂತರೆಂಬ ಭಾವದಿಂದ ನಾವೇ ಸಲಹೆ ಕೊಟ್ಟಿದ್ದೆವು. ಮಾವು, ಹುಣಿಸೆಗಳಿಗೆ ಗಾಯವಾದರೆ ಸುತ್ತಲಿನ ತೊಗಟೆ ಬೆಳೆದು ಮುಚ್ಚಿಕೊಳ್ಳುವುದು. ತೆಂಗಿಗೆ ಆ ಪದರವೇ ಇಲ್ಲ. ಇಂದು ಮಾಡಿದ ಗಾಯ ಮರ ಬದುಕಿರುವಷ್ಟು ಕಾಲವೂ ಗಾಯವಾಗಿಯೇ ಇರುವುದು. ಆ ಗಾಯದ ವಾಸನೆಗೇ ಈ ಹುಳು ಬಂದು ಮೊಟ್ಟೆಯಿಡುವುದು. ಹಸಿ ಗರಿಯನ್ನು ಕಡಿಯಲೇಬೇಕಾದಾಗಲೂ ಬುಡದಿಂದ 120 ಸೆಂಟಿಮೀಟರು ದಂಟನ್ನು ಬಿಟ್ಟು ಕಡಿಯಬೇಕೆಂದು ಕಾಸರಗೋಡಿನ ಸಂಶೋಧನಾಲಯದವರು ಹೇಳುವುದು ಇದಕ್ಕಾಗಿಯೇ. 1916ರಲ್ಲಿ ತೆಂಗಿಗೆಂದೇ ಸ್ಥಾಪಿತವಾದ ಸಂಸ್ಥೆ ಅದು. ಹಿರಿಯರಿಗೆ ಸೆಂಟಿಮೀಟರಿನ ಲೆಕ್ಕ ಬೇಕಿರಲಿಲ್ಲ. “ಎರಡು ಮೂರು ಮೊಳ ಬುಡು ಅಂತ ನಮ್ಮಪ್ಪನೂ ಅಂತಿದ್ದ,” ಎಂದರು.

ಯಜಮಾನರಿಗೆ ಮರುದಿನದ ಸಮಾರಂಭಕ್ಕೆ ಆ ಮರದ ಎರಡು ಬಲಿತ ಗೊನೆಗಳು ಬೇಕಾಗಿದ್ದವು. ಸ್ವಲ್ಪ ಬಲವಂತವನ್ನೂ ಮಾಡಿದರು, ಕೂಲಿ ಹೆಚ್ಚಿಸುವೆನೆಂದರು. ಅಷ್ಟು ಹೊತ್ತು ಮಾತುಮಾತಿಗೆ ಕಾಲೆಳೆಯುತ್ತಿದ್ದ ಮಾವ ಅಳಿಯಂದಿರಿಬ್ಬರೂ ಒಟ್ಟಿಗೇ ತಲೆಯಲ್ಲಾಡಿಸಿದರು. “ತಿರುಳು ಎಷ್ಟ್ ತಿಂದೈತೋ ಗೊತ್ತಿಲ್ಲ ಸ್ವಾಮಿ. ನನ್ ತಂಗೀಗೆ ಇವ್ನೊಬ್ನೇ ಮಗ,” ಎಂದರು ಹಿರಿಯರು. ಕಡೆಗೆ ಬಿದಿರುಗಳಕ್ಕೆ ಕುಡುಗೋಲನ್ನು ಕಟ್ಟಿ, ನೆಲದಲ್ಲಿ ಪಕ್ಕಕ್ಕೆ ನಿಂತುಕೊಂಡೇ ಕಾಯಿಗಳನ್ನು ಕೆಡವಿದರು.

ಆಮೇಲೆ ಚಿಕಿತ್ಸೆ. ತಂತಿಯಿಂದ ರಂಧ್ರಗಳೊಳಗಿನ ಹೊಲಸನ್ನು ಎಳೆದು ತೆಗೆದು, ಕೆಳಗಿನದನ್ನು ಸಿಮೆಂಟಿನಿಂದ ಮುಚ್ಚಿ, ಮೇಲಿನದರಲ್ಲಿ ತೋಟಗಾರಿಕೆ ಇಲಾಖೆಯವರು ಸೂಚಿಸಿದ್ದ ಔಷಧವನ್ನು ಲಾಳಿಕೆಯಿಂದ ಸುರಿದು ಅದನ್ನೂ ಮುಚ್ಚಿದರು. ಔಷಧದ ಗಡುವು ಮುಗಿಯುವವರೆಗೆ ಆ ಮರದ ಎಳನೀರನ್ನು ಮಕ್ಕಳಿಗೆ ಕೊಡಕೂಡದೆಂದು ಮನೆಯ ಅಜ್ಜಿಯವರಿಗೆ ಎರಡು ಸಲ ಹೇಳಿದರು.

ಹೊರಡುವ ಮುನ್ನ ಹಿರಿಯರು ತಿಪ್ಪೆಯ ಬಳಿಗೆ ಹೋಗಿ ಗುದ್ದಲಿಯಿಂದ ಒಂದು ಮಂಕರಿಯಷ್ಟು ಗೊಬ್ಬರವನ್ನು ತಿರುವಿದರು. ಬೆರಳು ಗಾತ್ರದ ಬಿಳಿಯ ಹುಳುಗಳು ಬಾಗಿ ಮಲಗಿದ್ದವು. ಇವೇ ಮುಂದೆ ಕೊಂಬಿನ ದುಂಬಿಗಳಾಗಿ ಹಾರಿ ಸುಳಿಯನ್ನು ಕೊರೆಯುವುವು. ಸುಳಿ ಬಿಚ್ಚಿದಾಗ ಗರಿ ಕತ್ತರಿಯಾಡಿಸಿದಂತೆ ತೋರುವುದು. ಅವು ಕೊರೆದ ಗಾಯಕ್ಕೂ ಕೆಂಪು ಮೂತಿ ಹುಳು ಬರುವುದುಂಟು. “ಅವ್ವ, ತಿಪ್ಪೇನ ಮರದಿಂದ ದೂರ ಮಾಡ್ಸಿ. ಹುಳಾನ ಕೋಳಿಗೆ ಹಾಕಿ. ಬೇವಿನ ಹಿಂಡಿಗೆ ಅಷ್ಟೇ ಮರಳು ಬೆರೆಸಿ ಇಕ್ಕಿರಿ, ಮುಂದಿನ್ ಸಲ ಬಂದಾಗ ಸುಳಿ ಪಕ್ಕದ್ ಮಟ್ಟೆ ಸಂದೀಗೆ ತುಂಬ್ತೀವಿ,” ಎಂದರು. ಮಂಕಾದ ಮರಕ್ಕೆ ವಾರಕ್ಕೊಮ್ಮೆ ಕಿವಿಯಿಟ್ಟು ನೋಡಬೇಕೆಂಬುದೂ ಅವರ ಅಪ್ಪಣೆ.

ಅಜ್ಜಿಯವರು ಶುಕ್ರವಾರ ಶುಕ್ರವಾರ ತಪ್ಪದೆ ಕಿವಿಯಿಡುತ್ತಿರುವರು. ಹೋದ ವಾರ ದೂರವಾಣಿಯಲ್ಲಿ ವಿಚಾರಿಸಿದಾಗ, ಸದ್ದೇನೂ ಕೇಳಿಸಲಿಲ್ಲವೆಂದೂ, ಆದರೆ ತಮಗೆ ಈಚೆಗೆ ಕಿವಿಯೇ ಮಂದವಾಗಿರುವುದರಿಂದ ಮೊಮ್ಮಗನು ಮಂಡ್ಯದ ಕಾಲೇಜಿನಿಂದ ಬಂದೊಡನೆ ಅವನಿಂದಲೂ ಒಮ್ಮೆ ಕೇಳಿಸುವೆನೆಂದೂ ಹೇಳಿದರು.